ಹಾಜರಿ ಹೊತ್ತಿನ ನಗು: ತರಗತಿಯಲ್ಲಿ ಪೀಡನೆಗೊಳಗಾದ ಬಾಲಕನೊಬ್ಬನ ಪ್ರಕರಣ ಅಧ್ಯಯನ

ಏಳನೆಯ ತರಗತಿಯಲ್ಲಿ ಓದುತ್ತಿದ್ದ, ಮಾತನಾಡುವಾಗ ಉಗ್ಗುತ್ತಿದ್ದ ಒಬ್ಬ ಬಾಲಕನಿಗೆ ಸಹಪಾಠಿಗಳು ಕೊಡುತ್ತಿದ್ದ ಕಾಟ ಮತ್ತು ಅದನ್ನು ನಿಲ್ಲಿಸಲು ಶಾಲೆ ಹಾಗೂ ಮನೆಯವರು ಸೇರಿ ಕೈಗೊಂಡ ಕ್ರಮಗಳು ಈ ಬರಹದ ವಿಷಯ. ಶಾಲೆಯ ಆಪ್ತಸಮಾಲೋಚಕಿಯಾಗಿ ಪ್ರಕರಣದ ಹೊಣೆ ನನ್ನ ಮೇಲಿತ್ತು. ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ. ನೊಂದವನನ್ನು ‘ಬಾಲಕ’ ಎಂದೂ, ಕಾಟಕ್ಕೆ ಮುಂದಾಗುತ್ತಿದ್ದವನನ್ನು ‘ಮುಂದಾಳು’ ಎಂದೂ ಕರೆದಿದ್ದೇನೆ.

ತಾಯಿ ನನ್ನ ಬಳಿಗೆ ಬಂದದ್ದು ದೂರು ಹೇಳಲು ಅಲ್ಲ. ಮಗ ಮೇಲಿಂದ ಮೇಲೆ ರಜೆ ಹಾಕುತ್ತಿದ್ದಾನೆ, ಹೊಟ್ಟೆನೋವು ಎನ್ನುತ್ತಾನೆ, ವೈದ್ಯರಿಗೆ ತೋರಿಸಿದರೆ ಏನೂ ಕಾಣಿಸುತ್ತಿಲ್ಲ ಎಂದು ಹೇಳಿಕೊಳ್ಳಲು ಬಂದಿದ್ದರು. ಮಾತಿನ ನಡುವೆ, ಅಷ್ಟೇನೂ ಮುಖ್ಯವಲ್ಲ ಎಂಬಂತೆ, ಅವರು ಎರಡು ಸಂಗತಿಗಳನ್ನು ಹೇಳಿದರು. ಶಾಲೆಗೆ ಕೊಟ್ಟು ಕಳಿಸಿದ ನೀರಿನ ಬಾಟಲಿ ತುಂಬಿದಂತೆಯೇ ವಾಪಸ್ ಬರುತ್ತಿತ್ತು. ಮನೆಗೆ ಬಂದವನೇ ಬ್ಯಾಗನ್ನೂ ಇಳಿಸದೆ ಮಗ ಶೌಚಾಲಯಕ್ಕೆ ಓಡುತ್ತಿದ್ದ. ಇವೆರಡನ್ನೂ ಒಟ್ಟಿಗಿಟ್ಟು ನೋಡಿದರೆ, ಹುಡುಗ ಶಾಲೆಯ ಶೌಚಾಲಯಕ್ಕೆ ಹೋಗುವ ಅಗತ್ಯವೇ ಬೀಳದಿರಲೆಂದು ದಿನವಿಡೀ ನೀರು ಕುಡಿಯದೆ ಇರುತ್ತಿದ್ದಾನೆ ಎಂದು ಅನುಮಾನಿಸಬೇಕಾಗುತ್ತದೆ. ಮೈಮೇಲಿನ ಗಾಯ, ಹರಿದ ಅಂಗಿ, ಕಳೆದುಹೋದ ಪೆನ್ನುಗಳನ್ನು ಹಿರಿಯರು ಸಾಮಾನ್ಯವಾಗಿ ಗಮನಿಸುತ್ತಾರೆ. ಆದರೆ ಮಗು ಯಾವುದನ್ನು ಮಾಡದೆ ಬಿಟ್ಟಿದೆ, ಯಾವ ಜಾಗವನ್ನು ತಪ್ಪಿಸುತ್ತಿದೆ ಎಂಬುದು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ.

ಬಾಲಕನೊಂದಿಗಿನ ಮೊದಲ ಭೇಟಿಯಲ್ಲಿ ‘ಯಾರು?’ ಎಂಬ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಹೆಸರು ಹೇಳುವುದೆಂದರೆ ಚಾಡಿ ಹೇಳಿದಂತೆ ಎಂಬ ಭಾವನೆ ಆ ವಯಸ್ಸಿನ ಮಕ್ಕಳಲ್ಲಿ ಗಟ್ಟಿಯಾಗಿರುತ್ತದೆ. ಹೇಳಿದ ಮರುದಿನ ಏನಾಗುತ್ತದೆ ಎಂಬ ಲೆಕ್ಕಾಚಾರವೂ ಅವರಿಗೆ ಹಿರಿಯರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮೇಲಾಗಿ ಈ ಹುಡುಗನಿಗೆ ಮಾತೇ ಕಷ್ಟದ್ದು. ಹಾಗಾಗಿ ಒಂದು ಹಾಳೆ ಕೊಟ್ಟು ಶಾಲೆಯ ನಕ್ಷೆ ಬರೆಯಲು ಹೇಳಿ, ಇರಲು ಹಿತವೆನಿಸುವ ಜಾಗಗಳಿಗೆ ಹಸಿರು, ಹಿತವೆನಿಸದ ಜಾಗಗಳಿಗೆ ಕೆಂಪು ಬಣ್ಣ ಹಚ್ಚಲು ಕೇಳಿದೆ. ಗ್ರಂಥಾಲಯ ಮತ್ತು ವಿಜ್ಞಾನದ ಪ್ರಯೋಗಾಲಯ ಹಸಿರಾದವು. ಶೌಚಾಲಯ, ಹಿಂಬದಿಯ ಮೆಟ್ಟಿಲು ಕೆಂಪಾದವು; ಅದು ನಿರೀಕ್ಷಿತವೇ ಆಗಿತ್ತು. ಆಮೇಲೆ ಆತ ತನ್ನ ತರಗತಿಯ ಕೋಣೆಗೂ ಕೆಂಪು ಹಚ್ಚಿ, ಪಕ್ಕದಲ್ಲಿ ‘ಬೆಳಗ್ಗೆ, ಹಾಜರಿ’ ಎಂದು ಬರೆದ. ಶಿಕ್ಷಕಿಯ ಕಣ್ಣೆದುರು, ಇಡೀ ತರಗತಿ ಕುಳಿತಿರುವಾಗ ನಡೆಯುವ ಕೆಲಸವೊಂದು ಅವನ ಪಟ್ಟಿಯಲ್ಲಿ ಶೌಚಾಲಯದಷ್ಟೇ ಕೆಂಪಾಗಿತ್ತು. ಮುಂದಿನ ಎಲ್ಲ ಕೆಲಸಕ್ಕೂ ದಾರಿ ತೋರಿಸಿದ್ದು ಈ ಎರಡು ಪದಗಳೇ.

ಅವನು ಒಂದು ಷರತ್ತು ಹಾಕಿದ: “ಮೇಡಂ, ಎಲ್ಲರ ಮುಂದೆ ಹೇಳ್ಬೇಡಿ.” ಯಾರಿಗೂ ಹೇಳುವುದಿಲ್ಲ ಎಂಬ ಮಾತನ್ನು ನಾನು ಕೊಡಲಿಲ್ಲ, ಕೊಡಲು ಸಾಧ್ಯವೂ ಇರಲಿಲ್ಲ, ಮಗುವಿನ ಸುರಕ್ಷತೆಗೆ ಅಗತ್ಯವಿರುವಷ್ಟನ್ನು ಕೆಲವರಿಗೆ ಹೇಳಲೇಬೇಕಾಗುತ್ತದೆ. ಯಾರಿಗೆ, ಏನನ್ನು, ಯಾವಾಗ ಹೇಳುತ್ತೇವೆ ಎಂಬುದು ಪ್ರತಿ ಹೆಜ್ಜೆಗೂ ಮೊದಲು ಅವನಿಗೆ ತಿಳಿದಿರುತ್ತದೆ ಎಂಬ ಮಾತನ್ನು ಮಾತ್ರ ಕೊಟ್ಟೆ. ನಂತರದ ಭೇಟಿಗಳಲ್ಲಿ ಅವನು ಹೇಳಿದ್ದು, ಬರೆದುಕೊಟ್ಟದ್ದು, ಶಿಕ್ಷಕರು ನೋಡಿದ್ದು ಎಲ್ಲವೂ ಸೇರಿ ಚಿತ್ರ ಸ್ಪಷ್ಟವಾಯಿತು.

ಹಾಜರಿ ಕೂಗಿದಾಗ ಪ್ರತಿಯೊಬ್ಬರೂ ತಮ್ಮ ಹೆಸರು ಹೇಳಿ ‘ಹಾಜರ್’ ಎನ್ನುವುದು ಆ ತರಗತಿಯ ಪದ್ಧತಿಯಾಗಿತ್ತು. ಉಗ್ಗುವವರಲ್ಲಿ ಅನೇಕರಿಗೆ ಬೇರೆಲ್ಲ ಮಾತಿಗಿಂತ ಸ್ವಂತ ಹೆಸರು ಹೇಳುವುದೇ ಹೆಚ್ಚು ಕಷ್ಟ. ಬೇರೆ ಪದ ತೊಡಕಾದರೆ ಅದರ ಬದಲಿಗೆ ಇನ್ನೊಂದನ್ನು ಬಳಸಬಹುದು, ಹೆಸರಿಗೆ ಬದಲಿ ಇಲ್ಲ. ಬಾಲಕ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಾಗ ಮುಂದಾಳು ಮೆಲ್ಲಗೆ ಅದೇ ಅಕ್ಷರವನ್ನು ಮತ್ತೆ ಮತ್ತೆ ಹೇಳುತ್ತಿದ್ದ, ಹಿಂದಿನ ಬೆಂಚುಗಳಲ್ಲಿ ನಗು ಏಳುತ್ತಿತ್ತು, ಸಮಯ ಮೀರುತ್ತಿದೆ ಎಂಬ ಅವಸರದಲ್ಲಿ ತರಗತಿ ಶಿಕ್ಷಕಿ “ಬೇಗ ಹೇಳಪ್ಪಾ” ಎನ್ನುತ್ತಿದ್ದರು. ಆ ತೊದಲಿದ ಅಕ್ಷರವೇ ಕಾಲಕ್ರಮದಲ್ಲಿ ಅವನ ಅಡ್ಡಹೆಸರಾಯಿತು. ಮುಂದೆ ಮೂರ್ನಾಲ್ಕು ಹುಡುಗರು ಅವನು ಶೌಚಾಲಯಕ್ಕೆ ಹೋದಾಗ ಹೊರಗಿನಿಂದ ಬಾಗಿಲನ್ನು ಒತ್ತಿ ಹಿಡಿದು, ಒಂದೇ ಉಸಿರಿಗೆ ತಡವರಿಸದೆ ಹೆಸರು ಹೇಳಿದರೆ ಮಾತ್ರ ಬಿಡುತ್ತೇವೆ ಎನ್ನತೊಡಗಿದರು. ಕೊನೆಗೆ, ಅವನು ಪಾಠ ಓದುವಾಗ ಯಾರೋ ಮುದ್ರಿಸಿಕೊಂಡ ಧ್ವನಿಯ ತುಣುಕು ತರಗತಿಯ ಮಕ್ಕಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಹರಿದಾಡಿತು. ಅಲ್ಲಿಂದ ಮನೆಯೂ ಅವನಿಗೆ ಹಸಿರು ಜಾಗವಾಗಿ ಉಳಿಯಲಿಲ್ಲ.

“ಮಕ್ಕಳು ತಮಾಷೆ ಮಾಡ್ತಾರೆ, ಇವನೂ ಜೊತೆಗೆ ನಗ್ತಾನಲ್ಲ” ಎಂದು ತರಗತಿ ಶಿಕ್ಷಕಿ ಹೇಳಿದ್ದು ಉಡಾಫೆಯಿಂದಲ್ಲ. ಅವರು ಕಂಡದ್ದು ಅದನ್ನೇ. ಅವನು ನಗುತ್ತಿದ್ದುದೂ ನಿಜ. ನಗದಿದ್ದರೆ ‘ತಮಾಷೆಯೂ ಅರ್ಥವಾಗುವುದಿಲ್ಲ’ ಎಂಬ ಇನ್ನೊಂದು ಆಪಾದನೆ ಸೇರಿಕೊಳ್ಳುತ್ತಿತ್ತು. ತಮಾಷೆಯನ್ನೂ ಪೀಡನೆಯನ್ನೂ ಬೇರ್ಪಡಿಸಲು 1970ರ ದಶಕದಿಂದ ಈ ವಿಷಯವನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಡ್ಯಾನ್ ಓಲ್ವೇಯಸ್ ಅವರ ಮೂರು ಲಕ್ಷಣಗಳು ಈಗಲೂ ಉಪಯುಕ್ತವಾಗಿವೆ: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವಿಕೆ, ಇಬ್ಬರ ನಡುವಿನ ಬಲದ ಅಸಮತೋಲನ. ನಾರ್ವೆಯಲ್ಲಿ ಮೂವರು ಬಾಲಕರ ಆತ್ಮಹತ್ಯೆಯ ನಂತರ 1983ರಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನ ನಿಂತದ್ದು ಇವರ ಕೆಲಸದ ಮೇಲೆಯೇ. ಶಿಕ್ಷಕರೊಂದಿಗೆ ಮಾತನಾಡುವಾಗ ನಾನು ಇದನ್ನೇ ಎರಡು ಪ್ರಶ್ನೆಗಳಾಗಿ ಇಟ್ಟೆ: ಈ ಆಟದಲ್ಲಿ ಪಾತ್ರಗಳು ಎಂದಾದರೂ ಅದಲುಬದಲಾಗುತ್ತವೆಯೇ? ನಗೆಗೀಡಾಗುವವನು ‘ಸಾಕು’ ಎಂದರೆ ನಿಲ್ಲುತ್ತದೆಯೇ? ಎರಡಕ್ಕೂ ಉತ್ತರ ಇಲ್ಲ ಎಂದಾದಾಗ ತರಗತಿ ಶಿಕ್ಷಕಿ ವಾದ ಬೆಳೆಸಲಿಲ್ಲ, ಮತ್ತು ಮುಂದಿನ ಕೆಲಸದಲ್ಲಿ ಅತಿ ಹೆಚ್ಚು ಭಾರ ಹೊತ್ತವರೂ ಅವರೇ.

ಏನು ಮಾಡಬೇಕು ಎಂಬ ವಿಚಾರದಲ್ಲಿ ಎಲ್ಲರ ಬಳಿಯೂ ಒಂದೊಂದು ಪರಿಹಾರವಿತ್ತು. “ಒಂದ್ಸಲ ತಿರುಗಿ ಬಾರಿಸಿ ಬಾ, ಮತ್ತೆ ಯಾರೂ ತಂಟೆಗೆ ಬರಲ್ಲ” ಎಂಬುದು ತಂದೆಯ ಮಾತು. ನಾಲ್ವರ ಎದುರು ಒಬ್ಬ ಬಾರಿಸುವುದು ಸಾಧ್ಯವೇ ಎಂಬ ಪ್ರಶ್ನೆ ಹಾಗಿರಲಿ. ಬಾರಿಸಲಾಗದೆ ಮರಳಿದ ಮಗ ಶಾಲೆಯ ಜೊತೆಗೆ ತಂದೆಯ ಎದುರೂ ಸೋತವನಾಗುತ್ತಾನೆ, ಆಮೇಲೆ ಮನೆಯಲ್ಲಿ ಏನನ್ನೂ ಹೇಳುವುದಿಲ್ಲ. ತಾಯಿ ಮುಂದಾಳುವಿನ ಮನೆಗೆ ನೇರವಾಗಿ ಫೋನ್ ಮಾಡಲು ಬಯಸಿದ್ದರು. ಅದು ಎರಡು ಕುಟುಂಬಗಳ ಜಗಳವಾಗಿ, ಪ್ರತಿಯೊಬ್ಬರೂ ತಮ್ಮ ಮಗುವನ್ನು ಸಮರ್ಥಿಸಿಕೊಳ್ಳುವಲ್ಲಿಗೆ ಮುಟ್ಟುತ್ತದೆ ಎಂದು ತಿಳಿಸಿ, ಶಾಲೆಯ ಮೂಲಕವೇ ಹೋಗಲು ಒಪ್ಪಿಸಿದೆ.

ಮುಖ್ಯೋಪಾಧ್ಯಾಯರ ಸಲಹೆ ಇನ್ನೂ ಸೌಮ್ಯವಾಗಿ ಕಾಣುತ್ತಿತ್ತು: ಇಬ್ಬರನ್ನೂ ಕರೆದು ಎದುರು ಬದುರು ಕೂರಿಸಿ, ಮಾತನಾಡಿಸಿ, ಕೈ ಕುಲುಕಿಸುವುದು. ಸಮಾನರ ನಡುವಿನ ಜಗಳಕ್ಕೆ ಇದು ಒಳ್ಳೆಯ ಉಪಾಯವೇ. ಇಲ್ಲಿ ಜಗಳವೇ ಇರಲಿಲ್ಲ. ಒಬ್ಬ ಕೊಡುತ್ತಿದ್ದ, ಇನ್ನೊಬ್ಬ ಅನುಭವಿಸುತ್ತಿದ್ದ; ಅನುಭವಿಸುತ್ತಿದ್ದವನು ಕೊಡುತ್ತಿದ್ದವನ ಮುಖ ನೋಡಿಕೊಂಡು, ಅದೂ ಉಗ್ಗುತ್ತಾ, ತನ್ನ ನೋವನ್ನು ವಿವರಿಸಬೇಕಾಗಿತ್ತು. ನಾನು ಇದನ್ನು ಸ್ಪಷ್ಟವಾಗಿ ವಿರೋಧಿಸಿದೆ. ಹಿರಿಯರ ಮುಂದೆ ಕೈ ಕುಲುಕಿದ ಹುಡುಗರು ಕೋಣೆಯಿಂದ ಹೊರಬಂದ ಕ್ಷಣದಲ್ಲೇ ಬಲದ ಲೆಕ್ಕ ಮೊದಲಿನಂತಾಗುತ್ತದೆ, ಮತ್ತು ‘ಇತ್ಯರ್ಥವಾಯಿತು’ ಎಂದು ಶಾಲೆ ಕಡತ ಮುಚ್ಚಿರುತ್ತದೆ. ತಕ್ಷಣ ಶಾಲೆಯಿಂದ ಹೊರಗಿಡಬೇಕೆಂಬ ಇನ್ನೊಂದು ತುದಿಯ ಸಲಹೆಯೂ ಸಭೆಯಲ್ಲಿ ಬಂತು. ಸಣ್ಣ ದೊಡ್ಡ ಎಲ್ಲ ತಪ್ಪಿಗೂ ಕಡ್ಡಾಯ ಕಠಿಣ ಶಿಕ್ಷೆ ಎಂಬ ನೀತಿಯಿಂದ ಶಾಲೆಗಳು ಹೆಚ್ಚು ಸುರಕ್ಷಿತವಾದದ್ದು ಕಂಡುಬಂದಿಲ್ಲ ಎಂದು ಅಮೆರಿಕದ ಮನೋವಿಜ್ಞಾನ ಸಂಘದ ಕಾರ್ಯಪಡೆ 2008ರಲ್ಲೇ ಹೇಳಿದೆ. ಅಂಥ ನೀತಿಯಡಿ ಮಕ್ಕಳು ದೂರು ಕೊಡಲು ಇನ್ನಷ್ಟು ಹಿಂಜರಿಯುವ ಸಾಧ್ಯತೆಯೂ ಇದೆ.

ಮೊದಲ ಕೆಲಸ ಸುರಕ್ಷತೆ. ಅದು ಮಾತುಕತೆಗಳು ಮುಗಿಯುವವರೆಗೆ ಕಾಯಬಾರದು ಎಂದು ಅದೇ ವಾರ ಕೆಂಪು ಜಾಗಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡೆವು. ವಿರಾಮದ ಹೊತ್ತಿನಲ್ಲಿ ಶೌಚಾಲಯದ ಹೊರಗಿನ ಕಾರಿಡಾರಿನಲ್ಲಿ ಒಬ್ಬ ಶಿಕ್ಷಕರು ಇರುವುದು, ಅವಧಿ ಬದಲಾಗುವಾಗ ಮುಂದಿನ ಶಿಕ್ಷಕರು ಬರುವವರೆಗೆ ಹಿಂದಿನವರು ಬಾಗಿಲ ಬಳಿ ನಿಲ್ಲುವುದು ಜಾರಿಗೆ ಬಂದವು. ಬಾಲಕನಿಗೆ ಸಿಬ್ಬಂದಿಯ ಶೌಚಾಲಯ ಬಳಸಲು ಬಿಡೋಣ ಎಂಬ ಸಲಹೆಯನ್ನು ಕೈಬಿಟ್ಟೆವು. ತಪ್ಪು ಮಾಡಿದವರು ಇದ್ದಲ್ಲೇ ಇದ್ದು ನೊಂದವನು ಜಾಗ ಬಿಡುವ ಯಾವ ಏರ್ಪಾಡೂ ಪೀಡನೆಯ ಕೆಲಸವನ್ನೇ ಮುಂದುವರಿಸುತ್ತದೆ. ಹಾಜರಿಯ ಪದ್ಧತಿಯನ್ನು ಮಾತ್ರ ಇಡೀ ತರಗತಿಗೇ ಬದಲಿಸಲಾಯಿತು. ತರಗತಿ ಶಿಕ್ಷಕಿ ಕುಳಿತ ಸಾಲುಗಳನ್ನು ನೋಡಿ ತಾವೇ ಗುರುತು ಹಾಕಿಕೊಳ್ಳತೊಡಗಿದರು. ಯಾರ ಸಲುವಾಗಿ ಈ ಬದಲಾವಣೆ ಎಂದು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ದಿನದ ಮೊದಲ ನಗುವಿಗೆ ಇದ್ದ ಸಂದರ್ಭವೇ ಇಲ್ಲವಾಯಿತು.

ಮನೆಯಲ್ಲಿ ತಾಯಿ ಒಂದು ನೋಟ್‌ಬುಕ್ ಇಟ್ಟರು: ದಿನಾಂಕ, ಹೊತ್ತು, ಜಾಗ, ನಡೆದದ್ದು, ಅಲ್ಲಿದ್ದವರು. ತಮ್ಮ ಅಭಿಪ್ರಾಯವನ್ನು ಬರೆಯಬೇಡಿ, ಮಗನ ಮಾತುಗಳನ್ನು ಅವನು ಹೇಳಿದಂತೆಯೇ ಬರೆಯಿರಿ ಎಂದು ಕೇಳಿಕೊಂಡಿದ್ದೆ. ಸಭೆಯಲ್ಲಿ ‘ಯಾವಾಗಲೂ ಕಾಡುತ್ತಾರೆ’ ಎಂಬ ಮಾತಿಗೆ ಸಿಗದ ತೂಕ ಇಂಥ ಒಂದು ಪುಟಕ್ಕೆ ಸಿಗುತ್ತದೆ. ಧ್ವನಿಯ ತುಣುಕನ್ನು ಯಾರಿಗೂ ಕಳಿಸದೆ, ಗುಂಪಿನ ಸಂದೇಶಗಳ ಚಿತ್ರವನ್ನು ದಿನಾಂಕ ಕಾಣುವಂತೆ ತೆಗೆದಿಟ್ಟುಕೊಂಡು, ಆಮೇಲೆ ಅಳಿಸುವಂತೆ ಮಾಡಲಾಯಿತು. ಸಾಕ್ಷಿ ಉಳಿಯುವ ಮುನ್ನವೇ ಕೋಪದಲ್ಲಿ ಅಳಿಸುವುದು, ಅಥವಾ ‘ನೋಡಿ ಇವರು ಏನು ಮಾಡಿದ್ದಾರೆ’ ಎಂದು ಪೋಷಕರ ಗುಂಪಿಗೆ ಹಾಕುವುದು, ಎರಡೂ ಮಗುವಿಗೆ ನಷ್ಟವೇ.

ಇಷ್ಟಾದರೂ ಇದು ಕಾವಲು ಮಾತ್ರ. ಕಾಟದ ಮೂಲ ಬೇರೆಡೆ ಇತ್ತು. ಮುಂದಾಳುವಿನ ಮನೆಯಲ್ಲಿ ಏನೋ ಸರಿಯಿಲ್ಲದಿರಬಹುದು, ಅವನೇ ಎಲ್ಲೋ ಪೆಟ್ಟು ತಿನ್ನುತ್ತಿರಬಹುದು ಎಂಬ ಊಹೆ ಇಂಥ ಕಡೆ ಬಹಳ ಸುಲಭವಾಗಿ ಬರುತ್ತದೆ, ಕೆಲವೊಮ್ಮೆ ನಿಜವೂ ಆಗಿರುತ್ತದೆ. ಇಲ್ಲಿ ಅಂಥದ್ದೇನೂ ಕಾಣಲಿಲ್ಲ. ಅವನು ಚೆನ್ನಾಗಿ ಓದುವ, ಶಿಕ್ಷಕರಿಗೆ ಬೇಕಾದ, ಮಾತಿನಲ್ಲಿ ಚುರುಕಾದ ಹುಡುಗ. ಅವನಿಗೆ ಬೇಕಾಗಿದ್ದದ್ದು ನಗು, ಅಂದರೆ ತರಗತಿಯಲ್ಲಿ ಸಿಗುತ್ತಿದ್ದ ಸ್ಥಾನ. ಆ ನಗುವನ್ನು ಕೊಡುತ್ತಿದ್ದವರು ಉಳಿದವರು. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ತರಗತಿಯ ಈ ‘ಉಳಿದವರನ್ನು’ ಬಿಡಿಸಿ ತೋರಿಸಿತು: ಜೊತೆಗೆ ಕೈ ಸೇರಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ನೊಂದವನ ಪರ ನಿಲ್ಲುವವರು. ಅದೇ ದೇಶದ ಶಾಲೆಗಳಿಗೆ 2009ರಿಂದ ವ್ಯಾಪಕವಾಗಿ ಹಬ್ಬಿದ, ಪೀಡನೆ ತಡೆಯುವ ‘ಕಿವಾ’ ಕಾರ್ಯಕ್ರಮ ಈ ತಿಳಿವಳಿಕೆಯ ಮೇಲೆ ನಿಂತಿದೆ. ಕೆನಡಾದ ಆಟದ ಮೈದಾನಗಳಲ್ಲಿ ಮಕ್ಕಳನ್ನು ಚಿತ್ರೀಕರಿಸಿ 2001ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಹಪಾಠಿಗಳು ಮಧ್ಯ ಪ್ರವೇಶಿಸಿದ್ದು ಕಡಿಮೆ, ಆದರೆ ಪ್ರವೇಶಿಸಿದಾಗ ಶೇ. 57ರಷ್ಟು ಬಾರಿ ಕಾಟ ಹತ್ತು ಸೆಕೆಂಡುಗಳೊಳಗೆ ನಿಂತಿತು. ಅಷ್ಟು ಬೇಗ ಅಲ್ಲಿಗೆ ತಲುಪುವ ಶಿಕ್ಷಕರನ್ನು ನಾನು ಕಂಡಿಲ್ಲ.

ಹಾಗಾಗಿ ಎಲ್ಲಕ್ಕಿಂತ ಹೆಚ್ಚು ಸಮಯ ಹೋದದ್ದು ನಗುತ್ತಿದ್ದವರೊಂದಿಗೆ. ಸ್ವೀಡನ್ನಿನ ಮನೋವಿಜ್ಞಾನಿ ಅನಾಟೊಲ್ ಪಿಕಾಸ್ ರೂಪಿಸಿದ ‘ಹಂಚಿಕೊಂಡ ಕಾಳಜಿ’ ಎಂಬ ವಿಧಾನದಿಂದ ಒಂದಷ್ಟನ್ನು ಎರವಲು ಪಡೆದು, ಅವರನ್ನು ಗುಂಪಾಗಿ ಕರೆಯದೆ ಒಬ್ಬೊಬ್ಬರನ್ನಾಗಿ ಭೇಟಿಯಾದೆ. ಗುಂಪಿನಲ್ಲಿ ಎಲ್ಲರೂ ಒಂದೇ ಕತೆ ಹೇಳುತ್ತಾರೆ. ಒಬ್ಬನೇ ಕುಳಿತಾಗ, ಅದೂ ಆರೋಪವಿಲ್ಲದೆ, ಹುಡುಗರು ಬೇರೆಯೇ ಆಗಿರುತ್ತಾರೆ. “ಇವನಿಗೆ ಶಾಲೆಗೆ ಬರೋದೇ ಕಷ್ಟ ಆಗಿದೆ. ನೀನು ಏನು ನೋಡಿದ್ದೀಯ? ನಿನ್ನಿಂದ ಏನು ಆದೀತು?” ಎಂಬುದಷ್ಟೇ ನನ್ನ ಪ್ರಶ್ನೆ. ಇದನ್ನು ಕೇಳುವುದಕ್ಕೆ ಬಾಲಕ ಮೊದಲೇ ಒಪ್ಪಿಗೆ ಕೊಟ್ಟಿದ್ದ. ಶೌಚಾಲಯದ ಘಟನೆಯನ್ನು ಅವನ ಬಾಯಿಂದ ಬಂದದ್ದೆಂದು ಎಲ್ಲಿಯೂ ಹೇಳಲಿಲ್ಲ. ಬಂದ ಉತ್ತರಗಳು ದೊಡ್ಡವಾಗಿರಲಿಲ್ಲ. ಒಬ್ಬ ತಾನು ಅಡ್ಡಹೆಸರಿನಿಂದ ಕರೆಯುವುದಿಲ್ಲ ಎಂದ. ಇನ್ನೊಬ್ಬ, ನಗು ಬಂದರೆ ಬೇರೆ ಕಡೆ ನೋಡುತ್ತೇನೆ ಎಂದ. ಅದೂ ಆದೀತು ಎಂದೆ. ಹಾಜರಿಯ ಹೊತ್ತಿನಲ್ಲಿ ಪ್ರತಿದಿನ ಪುಸ್ತಕದಲ್ಲಿ ತಲೆ ಹುದುಗಿಸುತ್ತಿದ್ದ ಹುಡುಗಿಯೊಬ್ಬಳು, “ನಂಗೆ ನಗು ಬರ್ತಿರ್ಲಿಲ್ಲ ಮೇಡಂ, ಆದ್ರೆ ನಾನೊಬ್ಳೇ ಅಂದ್ಕೊಂಡಿದ್ದೆ” ಎಂದಳು. ಇದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಇನ್ನೂ ಕೆಲವರು ಹೇಳಿದರು. ಉಳಿದವರೆಲ್ಲರಿಗೂ ಇದು ತಮಾಷೆ, ತನಗೊಬ್ಬನಿಗೇ ಮುಜುಗರ ಎಂದು ಪ್ರತಿಯೊಬ್ಬರೂ ನಂಬಿಕೊಂಡಿದ್ದ ತರಗತಿ ಅದು. ಹೆಸರುಗಳನ್ನು ಬಿಟ್ಟು ಈ ಸಂಗತಿಯನ್ನು ತರಗತಿಗೆ ತಿಳಿಸಿದ್ದೇ ನಮ್ಮ ಅತ್ಯಂತ ಪರಿಣಾಮಕಾರಿ ಕ್ರಮ ಎಂದು ನಾನು ಭಾವಿಸುತ್ತೇನೆ.

ಮುಂದಾಳುವಿನೊಂದಿಗಿನ ಭೇಟಿ ಇದಕ್ಕಿಂತ ಬೇರೆ ಬಗೆಯದು. ಬಾಗಿಲು ಒತ್ತಿ ಹಿಡಿದದ್ದು ಮತ್ತು ಧ್ವನಿಯ ತುಣುಕು ಹರಡಿದ್ದು ಗಂಭೀರ ಕೃತ್ಯಗಳಾಗಿದ್ದರಿಂದ ಅಲ್ಲಿ ಕಾಳಜಿಯ ಮಾತಷ್ಟೇ ಸಾಲದು. ಒಂದು ಅವಧಿಯವರೆಗೆ ವಿರಾಮದ ಹೊತ್ತನ್ನು ಶಿಕ್ಷಕರ ಕಣ್ಣಳತೆಯಲ್ಲೇ ಕಳೆಯುವಂತೆಯೂ, ತುಣುಕನ್ನು ಯಾರು ಯಾರಿಗೆ ಕಳಿಸಿದ್ದನೋ ಅವರಿಂದ ತಾನೇ ಅಳಿಸಿಸುವಂತೆಯೂ ವಿಧಿಸಲಾಯಿತು. ಪೋಷಕರು “ನಮ್ಮ ಮಗ ಅಂಥವನಲ್ಲ” ಎಂದೇ ಮಾತು ಆರಂಭಿಸಿದರು. ಅವನು ಎಂಥವನು ಎಂಬ ಚರ್ಚೆಗೆ ನಾವು ಇಳಿಯಲಿಲ್ಲ. ದಿನಾಂಕ, ಜಾಗ, ಮಾಡಿದ್ದು ಇಷ್ಟನ್ನೇ ಓದಿ ಹೇಳಿದೆವು. ಕೃತ್ಯವನ್ನು ಒಪ್ಪಿಕೊಳ್ಳುವುದು ಪೋಷಕರಿಗೆ ಸಾಧ್ಯ, ಮಗನ ಮೇಲಿನ ತೀರ್ಪನ್ನು ಒಪ್ಪಿಕೊಳ್ಳುವುದು ಕಷ್ಟ. ತುಸು ಹೊತ್ತಿನ ನಂತರ ತಂದೆಯೇ, ಮನೆಯಲ್ಲೂ ಅವನು ಆ ದನಿಯನ್ನು ಅನುಕರಿಸಿದ್ದನ್ನು ತಾವು ಕೇಳಿದ್ದಾಗಿಯೂ, ಯಾರದ್ದೆಂದು ತಿಳಿಯದೆ ನಕ್ಕಿದ್ದಾಗಿಯೂ ಹೇಳಿದರು.

ಉಗ್ಗಿನ ವಿಚಾರವನ್ನು ಇದರಿಂದ ಪ್ರತ್ಯೇಕವಾಗಿ ಇಟ್ಟೆವು. ಮಾತು ಸರಿಯಾದರೆ ಕಾಟವೂ ನಿಲ್ಲುತ್ತದೆ ಎಂದು ಮನೆಯ ಹಿರಿಯರೊಬ್ಬರು ಅಭಿಪ್ರಾಯಪಟ್ಟಿದ್ದರು. ಅದನ್ನು ಒಪ್ಪಿದರೆ, ಕಾಟಕ್ಕೆ ಕಾರಣ ಬಾಲಕನೇ ಎಂದು ಒಪ್ಪಿದಂತಾಗುತ್ತದೆ. ಉಗ್ಗು ಹೆದರಿಕೆಯಿಂದಾಗಲೀ ಬುದ್ಧಿಯ ಕೊರತೆಯಿಂದಾಗಲೀ ಹುಟ್ಟುವುದಲ್ಲ. ಆತಂಕ, ಅವಸರ ಇದ್ದಾಗ ಅದು ಹೆಚ್ಚಬಹುದು ಅಷ್ಟೇ. ಅವನು ವಾಕ್ ಚಿಕಿತ್ಸಕರ ಬಳಿ ಹೋಗತೊಡಗಿದ್ದು ಅವನದೇ ಇಚ್ಛೆಯಿಂದ. ಶಿಕ್ಷಕರಿಗೆ ಹೇಳಿದ್ದು ಕೆಲವೇ ಮಾತು: ಅವನ ವಾಕ್ಯವನ್ನು ನೀವು ಪೂರ್ತಿ ಮಾಡಬೇಡಿ, ‘ನಿಧಾನವಾಗಿ ಉಸಿರೆಳೆದುಕೊ’ ಎನ್ನಬೇಡಿ, ಕಾಯಿರಿ. ಇಬ್ಬರು ಒಟ್ಟಿಗೆ ದನಿಗೂಡಿಸಿ ಓದುವಾಗ ಉಗ್ಗು ಬಹುಮಟ್ಟಿಗೆ ಕಡಿಮೆಯಾಗುವುದರಿಂದ, ಭಾಷಾ ತರಗತಿಗಳಲ್ಲಿ ಎಲ್ಲರಿಗೂ ಜೋಡಿ ಓದನ್ನು ಆರಂಭಿಸಲಾಯಿತು.

ಕೆಲವು ವಾರಗಳ ನಂತರ ಬಾಗಿಲು ಹಿಡಿಯುವುದು, ಅಡ್ಡಹೆಸರು ಕೂಗುವುದು ನಿಂತವು, ಮತ್ತು ಇನ್ನೊಂದು ಆರಂಭವಾಯಿತು. ಅವನು ಬಂದರೆ ಮಾತು ನಿಲ್ಲುತ್ತಿತ್ತು. ಗುಂಪು ಚಟುವಟಿಕೆಗೆ ಯಾರೂ ಕರೆಯುತ್ತಿರಲಿಲ್ಲ. ಶಿಕ್ಷಕರ ಕಣ್ಣಿಗೆ ಎಲ್ಲವೂ ಶಾಂತವಾಗಿತ್ತು. ತಾಯಿಯ ನೋಟ್‌ಬುಕ್ಕಿನಲ್ಲಿ ‘ಇವತ್ತು ಯಾರೂ ಮಾತಾಡಲಿಲ್ಲವಂತೆ’ ಎಂಬ ಸಾಲು ಮೇಲಿಂದ ಮೇಲೆ ಬರುತ್ತಿತ್ತು. ಹೊರಗಿಡುವುದನ್ನು ಹಿಡಿದು ತೋರಿಸಲು ಗಾಯವೂ ಇಲ್ಲ, ಸಂದೇಶವೂ ಇಲ್ಲ. ಸ್ನೇಹವನ್ನು ಆಜ್ಞೆಯಿಂದ ಮಾಡಿಸಲಾಗದು, ಆದರೆ ಗುಂಪು ಕಟ್ಟುವ ಅಧಿಕಾರವನ್ನು ಮಕ್ಕಳ ಕೈಗೆ ಬಿಡದಿರಲು ಸಾಧ್ಯ. ಗುಂಪುಗಳನ್ನು ಶಿಕ್ಷಕರೇ ರಚಿಸಿ ಆಗಾಗ ಬದಲಿಸಿದರು. ವಿಜ್ಞಾನದ ಪ್ರಯೋಗಾಲಯದಲ್ಲಿ ಉಪಕರಣಗಳ ಜವಾಬ್ದಾರಿಯನ್ನು ಇಬ್ಬರಿಗೆ ಕೊಡಲಾಯಿತು. ಒಬ್ಬ ಬಾಲಕ, ಇನ್ನೊಬ್ಬಳು ಪುಸ್ತಕದಲ್ಲಿ ತಲೆ ಹುದುಗಿಸುತ್ತಿದ್ದ ಆ ಹುಡುಗಿ. ಮಾತು ಕಡಿಮೆ ಬೇಕಾದ, ಕೈಗೆ ಕೆಲಸವಿರುವ ಜಾಗದಲ್ಲಿ ಅವರ ಸ್ನೇಹ ಬೆಳೆಯಿತು. ಈ ಹಂತ ಮೊದಲಿನದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯಿತು, ಮತ್ತು ನನ್ನ ಅನುಭವದಲ್ಲಿ ಶಾಲೆಗಳು ಕೈಬಿಡುವುದು ಸಾಮಾನ್ಯವಾಗಿ ಇಲ್ಲಿಯೇ.

ವರ್ಷದ ಕೊನೆಯ ವೇಳೆಗೆ ಹೊಟ್ಟೆನೋವಿನ ರಜೆಗಳು ಇಳಿದಿದ್ದವು, ಬಾಟಲಿ ಖಾಲಿಯಾಗಿ ಮನೆಗೆ ಬರುತ್ತಿತ್ತು. ತರಗತಿಯ ಮುಂದೆ ಒಬ್ಬನೇ ನಿಂತು ಓದಲು ಅವನು ಇನ್ನೂ ಒಪ್ಪುವುದಿಲ್ಲ. ಒಪ್ಪಿಸುವ ಗುರಿಯೂ ನಮಗೆ ಇಲ್ಲ. ಅವನೂ ಮುಂದಾಳುವೂ ಸ್ನೇಹಿತರಾಗಿಲ್ಲ. ಒಮ್ಮೆ ಮುಂದಾಳುವಿನ ಬಾಯಿಂದ ಹಳೆಯ ಅಡ್ಡಹೆಸರು ಹೊರಬಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ “ಸಾಕು ಬಿಡೋ, ಹಳೇದಾಯ್ತು” ಎಂದನಂತೆ, ನಗು ಏಳಲಿಲ್ಲ. ಇದನ್ನು ನನಗೆ ಹೇಳಿದ್ದು ತರಗತಿ ಶಿಕ್ಷಕಿ.

ಮುಂದಿನ ವರ್ಷ ವಿಭಾಗಗಳನ್ನು ಹೊಸದಾಗಿ ರಚಿಸುವಾಗ ಬಾಲಕನನ್ನು ಬೇರೆ ವಿಭಾಗಕ್ಕೆ ಹಾಕೋಣವೇ ಎಂಬ ಪ್ರಶ್ನೆ ಬಂತು. ಅವನನ್ನೇ ಕೇಳಿದಾಗ “ನಾನ್ಯಾಕೆ ಹೋಗ್ಬೇಕು?” ಎಂದ. ಮುಂದಾಳುವನ್ನು ಬೇರೆ ವಿಭಾಗಕ್ಕೆ ಹಾಕಿ, ಪ್ರಯೋಗಾಲಯದ ಗೆಳತಿಯನ್ನು ಇವನ ವಿಭಾಗದಲ್ಲೇ ಉಳಿಸಲಾಯಿತು. ಹೊಸ ತರಗತಿ ಶಿಕ್ಷಕರಿಗೆ ಒಂದು ಪುಟದ ಟಿಪ್ಪಣಿ ಸಿದ್ಧಪಡಿಸಿ, ಕಳಿಸುವ ಮೊದಲು ಬಾಲಕನಿಗೆ ಓದಲು ಕೊಟ್ಟೆ. ಹಾಜರಿಯನ್ನು ಹೇಗೆ ಹಾಕಬೇಕು, ವಿರಾಮದಲ್ಲಿ ಯಾವ ಜಾಗಗಳನ್ನು ಗಮನಿಸಬೇಕು, ಗುಂಪುಗಳನ್ನು ಯಾರು ರಚಿಸಬೇಕು, ಏನಾದರೂ ಕಂಡರೆ ಯಾರಿಗೆ ತಿಳಿಸಬೇಕು ಎಂಬುದು ಅದರಲ್ಲಿದೆ. ‘ತುಂಬಾ ಸೂಕ್ಷ್ಮ ಸ್ವಭಾವದ ಹುಡುಗ’ ಎಂದು ನಾನು ಬರೆದಿದ್ದ ಸಾಲನ್ನು ಅವನು ಹೊಡೆದುಹಾಕಿದ. ಅದಿಲ್ಲದೆಯೇ ಟಿಪ್ಪಣಿ ಹೋಗಿದೆ. ಹೊಸ ವರ್ಷದ ಮೊದಲ ಅವಧಿ ಪೂರ್ತಿ ನಮ್ಮ ಭೇಟಿಗಳು ಮುಂದುವರಿಯುತ್ತವೆ.